ತಂದೆಯ ಕಡೆಯ ಕಣ್ಣು

ಅದುಸೇ ಅಣ್ಣನ ಎದುರಿಗೆ ಯಾರಾದರೂ ಚಪ್ಪಲಿಯನ್ನು ಬರೀ ಚಪ್ಪಲಿ ಎಂದರೆ ಅವನಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಅವನು ಹೊಲಿಯುತ್ತಿದ್ದದ್ದು ದೊರೆಗಳ ಚಪ್ಪಲಿ. ನಡುವೆ ಸಣ್ಣ, ಎರಡೂ ತುದಿ ಅಗಲ, ಮೇಲೆ ದಪ್ಪನೆಯ ಕಪ್ಪು ಪಟ್ಟಿ. ದೊರೆಯ ಬರಿಗಾಲು ನೆಲಕ್ಕೆ ತಾಗಿದರೆ ಊರಿಗೇ ಕೇಡು ಎಂದು ನಂಬುವವರು ನಾವು, ಕುಮಾಸಿಯ ಅಸಾಂಟೆ ಜನ. ಊರಿನ ಕೇಡನ್ನೆಲ್ಲ ತಾನೊಬ್ಬನೇ ಸೂಜಿ ದಾರದಲ್ಲಿ ತಡೆದು ನಿಲ್ಲಿಸಿದ್ದೇನೆ ಎಂಬ ಜಂಬ ಅವನಿಗೆ. ಜಂಬ ಹೆಚ್ಚಾಗಿದ್ದರೂ ಕೆಲಸ ಜಂಬಕ್ಕೆ ತಕ್ಕ ಹಾಗೇ ಇತ್ತು, ಅದನ್ನು ನಾನು ಒಪ್ಪಬೇಕು.

ನಾನು ಪೊಕುವಾ. ಆಷ್‌ಟೌನಿನಲ್ಲಿ ಅವನ ಶೆಡ್ಡಿನ ಪಕ್ಕದಲ್ಲೇ ಒಲೆ ಹೂಡಿ ಮೆಕ್ಕೆಜೋಳದ ಹುಳಿಗಂಜಿ, ಅಲಸಂದೆ ವಡೆ ಮಾರುತ್ತಿದ್ದವಳು. ಒಂದೇ ವಠಾರದಲ್ಲಿ ನನ್ನದೊಂದು ಕೋಣೆ, ಅವನದೊಂದು ಕೋಣೆ. ಮೊದಲ ಗಂಜಿ ಅವನಿಗೆ, ಮೊದಲ ಜಗಳವೂ ಅವನ ಜೊತೆ.

ಅವನ ಹೆಂಡತಿ ದುಫಿಯೆ ಜ್ವರದಲ್ಲಿ ತೀರಿಕೊಂಡಾಗ ಮಗಳು ಅಚಿಯಾಗೆ ಇನ್ನೂ ಜಡೆ ಹಾಕುವಷ್ಟು ಕೂದಲೂ ಬಂದಿರಲಿಲ್ಲ. ನಮ್ಮಲ್ಲಿ ನಡೆಯುವುದು ಅಳಿಯಸಂತಾನ. ಮಗುವಿನ ರಕ್ತ ತಾಯಿಯದು, ಕುಲ ತಾಯಿಯದು. ಗಂಡಸಿನ ಆಸ್ತಿ ಹೋಗುವುದು ಅವನ ಅಕ್ಕತಂಗಿಯರ ಮಕ್ಕಳಿಗೆ. ತಂದೆಯಾದವನು ಹೆಸರಿಡುತ್ತಾನೆ, ಸಾಕುತ್ತಾನೆ, ತನ್ನ ಚೈತನ್ಯದಲ್ಲಿ ಒಂದಿಷ್ಟು ಕೊಡುತ್ತಾನೆ. ರಕ್ತ ಮಾತ್ರ ಕೊಡುವುದಿಲ್ಲ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಹುಟ್ಟಿದಾಗಿನಿಂದ ಗಂಜಿಯ ಜೊತೆ ಕುಡಿದದ್ದು.

ಹೀಗಾಗಿ ಹೆಣ ಮಣ್ಣಾದ ಮೇಲೆ ದುಫಿಯೆಯ ತಾಯಿ ಮಾಂಪೊಂಗಿನಿಂದ ಮಗುವನ್ನು ಕರೆದೊಯ್ಯಲು ಬಂದಳು. ಅಚಿಯಾ ಅಪ್ಪನ ತೊಡೆಯ ಮೇಲೆ ಕೂತು ಫುಫು ಮುದ್ದೆ ನುಂಗುತ್ತಿದ್ದಳು.

“ಮಗು ನಮ್ಮದಪ್ಪ. ನಿಂಗೊತ್ತಲ್ಲ,” ಎಂದಳು ಅಜ್ಜಿ.

“ನಿಮ್ಮದೇ ಅತ್ತೆ, ಅಲ್ಲ ಅಂದೋರ್ಯಾರು? ಊಟ ಮಾಡ್ತಾ ಇದೆ. ಮುಗೀಲಿ, ಕರ್ಕೊಂಡ್ ಹೋಗಿ.”

ಆ ಊಟ ಮುಗಿಯಲೇ ಇಲ್ಲ. ಅಜ್ಜಿ ಮೂರು ಸಲ ಬಂದಳು. ಮೂರು ಸಲವೂ ಮಗುವಿನ ಬಾಯಲ್ಲಿ ತುತ್ತಿತ್ತು. ಕೊನೆಗೆ ಆ ಮುದುಕಿಯೇ ನಕ್ಕು, “ಹಾಳಾಗ್ ಹೋಗು, ನೀನೇ ಸಾಕು. ಸತ್ತಾಗ ಮಾತ್ರ ನಮ್ಮ ಕುಲದ ಮಣ್ಣಿಗೆ ಬರ್ಬೇಕು ಅವಳು,” ಎಂದು ಹೇಳಿ ಹೋದಳು.

ಶೆಡ್ಡಿನ ಚರ್ಮದ ರಾಶಿಯ ಮೇಲೆ ಮಲಗಿ ಬೆಳೆದ ಹುಡುಗಿ ಅಚಿಯಾ. ಬೇರೆ ಮಕ್ಕಳು ಮಣ್ಣಿನಲ್ಲಿ ಗೆರೆ ಎಳೆಯುವ ಕಾಲಕ್ಕೆ ಅವಳು ಚರ್ಮದ ಮೇಲೆ ಪಾದದ ಅಚ್ಚು ಎಳೆಯುತ್ತಿದ್ದಳು. ಅವನು ಅವಳಿಗೆ ಕತ್ತರಿಸಲು ಕಲಿಸಿದ, ಅಂಟು ಹಚ್ಚಲು ಕಲಿಸಿದ, ಅಂಚಿನ ಹೊಲಿಗೆ ಕಲಿಸಿದ. ಅಂಚಿನ ಹೊಲಿಗೆಯೇ ಆ ಚಪ್ಪಲಿಯ ಜೀವ. ಅದು ಒಂದೇ ಅಂತರದಲ್ಲಿ ಸುತ್ತ ಓಡಬೇಕು, ಎಲ್ಲೂ ಹೊರಳಬಾರದು. ಬೀದಿಯವರು ಸುಮ್ಮನಿರುತ್ತಾರೆಯೇ?

“ಅಲ್ವೋ ಅದುಸೇ, ಹೆಣ್ಣು ಹೊಲಿದ ಚಪ್ಪಲೀನ ದೊರೆ ಹಾಕ್ಕೋತಾನೇನೋ?”

“ಹೆಣ್ಣು ಹೆತ್ತ ದೊರೆ ಹಾಕ್ಕೋತಾನೆ. ಗಂಡು ಹೆತ್ತೋನು ಯಾರಾದ್ರೂ ಇದ್ರೆ ಹೇಳು, ಅವನಿಗೆ ನಾನೇ ಹೊಲಿದು ಕೊಡ್ತೀನಿ.”

ಅವನಿಗೆ ಹೊಟ್ಟೆಯೊಳಗೆ ಒಂದೇ ಒಂದು ಉರಿ ಇತ್ತು. ಇಷ್ಟೆಲ್ಲ ಮಾಡಿದರೂ ಮಗಳು ಲೆಕ್ಕಕ್ಕೆ ತನ್ನವಳಲ್ಲ. ಹಬ್ಬದ ದಿನ ಅವಳು ತಾಯಿಯ ಕುಲದವರ ಸಾಲಿನಲ್ಲಿ ಕೂತರೆ ಇವನು ಈಚೆ ಕಡೆಯಿಂದ ನೋಡುತ್ತಿದ್ದ. ಕುಡಿದಾಗ ಒಮ್ಮೆ ನನ್ನ ಹತ್ತಿರ ಹೇಳಿದ್ದ, “ಆ ಹುಡುಗೀಲಿ ನಂದು ಅಂತ ಒಂದು ತೊಟ್ಟು ರಕ್ತ ಇದ್ದಿದ್ರೆ ಸಾಕಿತ್ತು ಪೊಕುವಾ.” ಬೆಳಿಗ್ಗೆ ಎದ್ದು, ತಾನು ಹಾಗೆ ಹೇಳಲೇ ಇಲ್ಲ ಎಂದು ವಾದ ಮಾಡಿದ.

ಕಣ್ಣಿನ ಕಾಯಿಲೆ ಸದ್ದಿಲ್ಲದೆ ಬಂತು. ಮೊದಮೊದಲು ನನ್ನ ಗಂಜಿ ಪಾತ್ರೆಗೆ ಕಾಲು ತಾಗಿಸುತ್ತಿದ್ದ. ಎಡಗಡೆ ಏನಿಟ್ಟರೂ ಅದು ಅವನ ಮೊಣಕೈಗೆ ಬಲಿ. ನಾನು ಬಿಡುತ್ತೇನೆಯೇ?

“ಕಣ್ಣೇನು ಹಿಂದಕ್ಕೆ ಇಟ್ಕೊಂಡಿದ್ದೀಯಾ?”

“ನಿನ್ ಪಾತ್ರೇನೇ ದಾರಿಗ್ ಬಂದಿದೆ ಕಣೇ. ಒಡತಿ ಥರಾನೇ ವರ್ಷ ವರ್ಷ ಅಗಲ ಆಗ್ತಾ ಇದೆ.”

ಇಬ್ಬರೂ ನಗುತ್ತಿದ್ದೆವು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಎಂದು ಆಗ ಯಾರಿಗೆ ಗೊತ್ತು?

ಅಚಿಯಾಗೆ ಇಪ್ಪತ್ತರ ಆಸುಪಾಸು ಇದ್ದಾಗ ಒಂದು ಬೆಳಿಗ್ಗೆ ಎದ್ದು, ಎಡಗಣ್ಣಿಗೆ ಹೊಗೆ ಕವಿದ ಹಾಗಿದೆ ಎಂದ. ಅಂಟಿನ ವಾಸನೆ ಕಣ್ಣಿಗೆ ಹೊಡೆದಿರಬೇಕು ಎಂದು ತಾನೇ ತೀರ್ಮಾನಿಸಿ, ಮೂಲೆ ಅಂಗಡಿಯಿಂದ ಯಾವುದೋ ಹನಿ ತಂದು ಬಿಟ್ಟುಕೊಂಡ. ನೋವಿರಲಿಲ್ಲ, ಹಾಗಾಗಿ ಕಾಯಿಲೆ ಎಂದೂ ಅನ್ನಿಸಲಿಲ್ಲ. ಎರಡು ಮೂರು ತಿಂಗಳಾದ ಮೇಲೆ ಆ ಕಣ್ಣು ಕೆಂಡವಾಯಿತು. ತಲೆ ಸೀಳುವ ನೋವು, ವಾಂತಿ. ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಟ್ಟ. ಅಚಿಯಾ ತಾಯಿಯ ಕಡೆಯ ಯಾರದೋ ತಿಥಿಗೆಂದು ಮಾಂಪೊಂಗಿಗೆ ಹೋಗಿದ್ದಳು. ನಾನು ಒಲೆ ಆರಿಸಿ, ಟ್ರೊಟ್ರೊ ವ್ಯಾನು ಹತ್ತಿಸಿ, ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ಅಗ್ಬೆಕೊ ಎಂಬವರು, ವೋಲ್ಟಾ ನದಿಯ ಆಚೆಯ ಎವೆ ಜನ. ನಮ್ಮ ಮಾತನ್ನು ತಮ್ಮ ರಾಗದಲ್ಲಿ ಆಡುತ್ತಿದ್ದರು. ತಾಳ್ಮೆಯ ಮನುಷ್ಯ. ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು.

“ಕಣ್ಣಿನ ಹಿಂದ್ಗಡೆ ರಕ್ತ ವಾಪಸ್ ಹೋಗೋ ನಾಳ ಒಂದಿದೆ. ಅದ್ರಲ್ಲಿ ರಕ್ತ ಹೆಪ್ಪುಗಟ್ಟಿ ಕೂತ್ಬಿಟ್ಟಿದೆ. ಇವತ್ತಿನದಲ್ಲ, ಆವತ್ತು ಹೊಗೆ ಅಂದ್ರಲ್ಲ, ಆವತ್ತಿನದು. ರಕ್ತ ಓಡಾಡದೆ ಕಣ್ಣು ಒದ್ದಾಡಿ ಒದ್ದಾಡಿ ಹೊಸ ನಾಳ ಹುಟ್ಟಿಸ್ಕೊಂಡಿದೆ. ಕೆಲ್ಸಕ್ಕೆ ಬಾರದ ನಾಳ ಅವು. ಕಣ್ಣೊಳಗಿನ ನೀರು ಹೊರಗೆ ಹೋಗೋ ದಾರೀನೇ ಮುಚ್ಚಿವೆ. ಅದಕ್ಕೇ ಈ ನೋವು.”

“ರಕ್ತ ಹೆಪ್ಪುಗಟ್ಟಿದೆ,” ಎಂದ ಅದುಸೇ ಅಣ್ಣ.

“ಹೌದು. ಆದ್ರೆ ಪೂರ್ತಿ ಕೇಳಿ. ಹೆಪ್ಪು ಆಮೇಲೆ ಬಂದದ್ದು. ನಿಮ್ಮ ಎರಡೂ ಕಣ್ಣಲ್ಲಿ ಒತ್ತಡ ಎಷ್ಟೋ ವರ್ಷದಿಂದ ಇದೆ. ಗ್ಲಕೋಮಾ ಅಂತೀವಿ. ನೋವಿಲ್ಲ, ಏನಿಲ್ಲ, ಅಂಚಿಂದ ತಿನ್ಕೊಂಡ್ ಬರತ್ತೆ. ಇಂಥ ಕಣ್ಣಲ್ಲಿ ನಾಳ ಹಿಂಡ್ದಂಗಾಗಿ ರಕ್ತ ಹೆಪ್ಪುಗಟ್ಟೋದು ಬೇರೆಯವರಿಗಿಂತ ಜಾಸ್ತಿ. ಈ ಕಾಯಿಲೆ ಇರೋರ ರಕ್ತಾನೇ ಒಂಚೂರು ಬೇಗ ಹೆಪ್ಪಾಗತ್ತಾ ಅಂತ ದೊಡ್ಡ ದೊಡ್ಡೋರು ಇನ್ನೂ ಪರೀಕ್ಷೆ ಮಾಡ್ತಾನೇ ಇದಾರೆ. ಅದು ಅವರ ಪಾಡು. ನಿಮ್ಮ ಎಡಗಣ್ಣು ಹೋಯ್ತು, ಸುಳ್ಳು ಹೇಳಲ್ಲ. ಬಲಗಣ್ಣಲ್ಲಿ ಉಳಿದಿರೋದನ್ನ ಹನಿ ಬಿಟ್ಟು ಕಾಯೋಣ. ಇದು ಮನೆತನದಲ್ಲಿ ಬರೋ ಕಾಯಿಲೆ. ಒಡಹುಟ್ಟಿದೋರು, ಮಕ್ಕಳು, ಎಲ್ರನ್ನೂ ಕರ್ಕೊಂಡ್ ಬನ್ನಿ. ಮೊದ್ಲು ಮಕ್ಕಳನ್ನ.”

ಇಷ್ಟೂ ಮಾತಿನಲ್ಲಿ ಅವನ ಕಿವಿಗೆ ಹೋಗಿ ಕೂತದ್ದು ರಕ್ತ ಒಂದೇ. ಕಣ್ಣಿನ ಕಾಯಿಲೆ ಎಂದಿದ್ದರೆ ಬಹುಶಃ ಹಾಗಾಗುತ್ತಿರಲಿಲ್ಲ. ಹೆಪ್ಪು ಎಂದ ಕೂಡಲೇ ಅವನ ಪಾಲಿಗೆ ಅದು ರಕ್ತದ ಕಾಯಿಲೆಯಾಯಿತು. ರಕ್ತದ ವಿಷಯದಲ್ಲಿ ಯಾವ ಡಾಕ್ಟರೂ ಅಸಾಂಟೆ ಮುದುಕನಿಗೆ ಪಾಠ ಹೇಳುವ ಹಾಗಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ನಾನೇ ತೆಗೆದೆ. “ಅಣ್ಣ, ಮೊದ್ಲು ಮಕ್ಕಳನ್ನ ಅಂದ್ರು ಡಾಕ್ಟ್ರು. ಅಚಿಯಾ ಬಂದ ತಕ್ಷಣ ಕರ್ಕೊಂಡ್ ಹೋಗೋಣ.”

ಎಡಗಣ್ಣಿಗೆ ಕಟ್ಟಿದ್ದ ಬ್ಯಾಂಡೇಜಿನ ಕೆಳಗಿನಿಂದಲೇ ನಕ್ಕ. “ಅವ್ನು ಎವೆಯವನು ಕಣೇ. ಅವ್ರಲ್ಲಿ ಮಗು ಅಪ್ಪಂದು. ಅವರ ಲೆಕ್ಕ ಅವರಿಗೆ. ಪಾಪ, ಕಣ್ಣಿನ ವಿದ್ಯೆ ಕಲ್ತಿದಾನೆ, ನಮ್ಮ ಮನೆ ವಿದ್ಯೆ ಕಲ್ತಿಲ್ಲ.”

“ಆದ್ರೂ...”

“ಆದ್ರೂ ಏನು ಆದ್ರೂ? ನನ್ನ ರಕ್ತ ನಮ್ಮಮ್ಮಂದು. ಅದು ಹೋಗಿರೋದು ತಂಗಿ ಫೊಫಿಯೆಗೆ, ಅವಳ ಮಕ್ಕಳಿಗೆ. ಅವರನ್ನ ನಾಳೇನೇ ಕಳಿಸ್ತೀನಿ. ಅಚಿಯಾ ಮೈಯಲ್ಲಿ ಓಡ್ತಿರೋದು ದುಫಿಯೆ ರಕ್ತ. ನಂದು ಒಂದು ತೊಟ್ಟೂ ಇಲ್ಲ.”

ಆಮೇಲೆ ನನ್ನ ಕಡೆ ತಿರುಗಿ, “ಇಷ್ಟು ವರ್ಷ ದೇವರನ್ನ ಬೈತಿದ್ದೆ ಪೊಕುವಾ. ಅವ್ನು ತಿಳ್ಕೊಂಡೇ ಮಾಡಿದಾನೆ. ನನ್ ಮಗಳಿಗೆ ನನ್ ರಕ್ತ ಇಲ್ಲ. ಅವಳು ಬಚಾವ್,” ಎಂದ.

ಅಷ್ಟು ಸಂತೋಷ ಆ ಮನುಷ್ಯನ ಮುಖದಲ್ಲಿ ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಒಂದು ಕಣ್ಣು ಕಳೆದುಕೊಂಡು ಬರುತ್ತಿದ್ದವನು ಸ್ಟಾಪಿನಲ್ಲಿ ಇಳಿದು ಸುಟ್ಟ ಬಾಳೆಕಾಯಿ, ಕಡಲೆಕಾಯಿ ಕೊಂಡು ವಠಾರದವರಿಗೆಲ್ಲ ಹಂಚಿದ. ನಾನು ಮತ್ತೆ ಮಾತೆತ್ತಲಿಲ್ಲ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಅವನು ಹೇಳಿದ್ದನ್ನೇ ಹೇಳುತ್ತಿದ್ದರು.

ಹೇಳಿದ ಹಾಗೆ ಮಾಡಿದ. ತಂಗಿ ಫೊಫಿಯೆಯನ್ನೂ ಅವಳ ಮಕ್ಕಳನ್ನೂ ಶೆಡ್ಡಿಗೆ ಕರೆಸಿ, ಎಲ್ಲರೂ ಆಸ್ಪತ್ರೆಗೆ ಹೊರಡಿ ಎಂದು ಗದರಿಸಿದ. ದೊಡ್ಡ ಸೋದರಳಿಯ ಬರಿಮಾ ಆಗಲೇ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ. ಮಾವನ ನಂತರ ಅದೆಲ್ಲ ಅವನದೇ.

“ನಂಗೇನಾಗಿದೆ ಮಾವ? ಆಕಾಶದಲ್ಲಿ ಹದ್ದು ಹಾರಿದ್ರೆ ಗಂಡೋ ಹೆಣ್ಣೋ ಹೇಳ್ತೀನಿ.”

“ನಿನ್ನ ಕಣ್ಣು ಹೆಣ್ಣಿನ ಮೇಲೇ ಇರತ್ತೆ ಅಂತ ಊರಿಗೇ ಗೊತ್ತು. ನಡಿ, ಮುಚ್ಕೊಂಡ್ ನಡಿ.”

ಬರಿಮಾನ ಕಣ್ಣು ಚೆನ್ನಾಗಿತ್ತು. ಅವನ ತಮ್ಮ ತಂಗಿಯರದೂ ಚೆನ್ನಾಗಿತ್ತು. ಆದರೆ ಫೊಫಿಯೆಯ ಎರಡೂ ಕಣ್ಣಲ್ಲಿ ಒತ್ತಡ ಸಿಕ್ಕಿತು. ಬೇಗ ಸಿಕ್ಕಿದ್ದರಿಂದ ಹನಿ ಬಿಟ್ಟು ಉಳಿಸಿದರು. ಇವತ್ತಿಗೂ ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ. ತಂಗಿಯ ಕಣ್ಣು ಉಳಿದದ್ದು ಅದುಸೇ ಅಣ್ಣನಿಂದಲೇ, ಅದನ್ನು ಯಾರೂ ಇಲ್ಲ ಎನ್ನುವ ಹಾಗಿಲ್ಲ. ಅವನಿಗಂತೂ ಇನ್ನು ಬೇರೆ ರುಜುವಾತು ಬೇಕಿರಲಿಲ್ಲ. “ನೋಡಿದ್ಯಾ, ನಮ್ಮಮ್ಮನ ರಕ್ತ! ಹೇಳ್ಲಿಲ್ವಾ ನಾನು?” ಎಂದು ಎದೆ ತಟ್ಟಿಕೊಂಡ.

ಮಾಂಪೊಂಗಿನಿಂದ ಬಂದ ಅಚಿಯಾ ಅಪ್ಪನ ಕಣ್ಣು ನೋಡಿ ಅತ್ತಳು. ಅತ್ತು ಮುಗಿಸಿ, “ಅಪ್ಪ, ಎಲ್ರೂ ತೋರಿಸ್ಕೊಂಡ್ರಂತೆ. ನಾನೂ ಹೋಗ್ಲಾ?” ಎಂದು ಕೇಳಿದಳು.

“ನಿಂಗ್ಯಾಕೆ? ನಿಮ್ಮಮ್ಮ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸ್ತಿದ್ಲು. ಅವಳ ರಕ್ತ ನಿಂದು. ಹೋಗು, ಆ ಪಟ್ಟಿ ಕತ್ತರಿಸು.”

ಅವಳು ಹೋಗಿ ಪಟ್ಟಿ ಕತ್ತರಿಸಿದಳು. ಅಪ್ಪನ ಮಾತಿನಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ನೀನು ಬೇರೆಯವರ ರಕ್ತ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು ಅವಳು.

ಬಲಗಣ್ಣನ್ನು ಹನಿ ಕೆಲವು ವರ್ಷ ಕಾಯಿತು. ಆಮೇಲೆ ಅದೂ ಮಂಜಾಗುತ್ತ ಬಂದು, ಕೊನೆಗೆ ಹಗಲು ಯಾವುದು ರಾತ್ರಿ ಯಾವುದು ಎಂದಷ್ಟೇ ತಿಳಿಯುವ ಹಾಗಾಯಿತು. ಅಷ್ಟರಲ್ಲಿ ಶೆಡ್ಡು ಅಚಿಯಾಳ ಕೈಗೆ ಬಂದಿತ್ತು. ಹೆಸರು ಅಪ್ಪನದು, ಕೈ ಮಗಳದು, ಮುಂದೆ ಹಕ್ಕು ಬರಿಮಾನದು. ಅವಳನ್ನು ಕೇಳಿಕೊಂಡು ಬಂದ ಒಬ್ಬಿಬ್ಬರನ್ನು ಅವಳೇ ವಾಪಸು ಕಳಿಸಿದಳು. “ಮದ್ವೆ ಮಾಡ್ಕೊಳ್ಳೇ, ಮುದುಕಿ ಆಗ್ತೀಯ,” ಎಂದರೆ, “ಅಪ್ಪನ್ನ ಕಟ್ಕೊಂಡ್ ಹೋಗೋಕೆ ಯಾವ ಗಂಡು ಒಪ್ತಾನೆ ಚಿಕ್ಕಮ್ಮ? ನೀನೇ ಕಟ್ಕೊಂಡ್ಬಿಡು ಅಪ್ಪನ್ನ, ನಾನು ಹೋಗ್ತೀನಿ,” ಎನ್ನುತ್ತಿದ್ದಳು. ಮುದುಕ ಒಳಗಿನಿಂದಲೇ ಕೂಗುತ್ತಿದ್ದ, “ಕಣ್ಣು ಹೋಗಿರೋದು ಸಾಕು, ಕಿವೀನೂ ಹೋಗ್ಲಿ ಅಂತೀಯಾ?”

ಕುರುಡನಾದ ಮೇಲೂ ಒಂದು ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೊಲಿದು ಮುಗಿದ ಪ್ರತಿ ಜೊತೆಯ ಅಂಚನ್ನೂ ಹೆಬ್ಬೆರಳಿನಲ್ಲಿ ಸುತ್ತ ಸವರಿ ನೋಡುತ್ತಿದ್ದ. ಆ ಹೆಬ್ಬೆರಳು ಸರಿ ಎನ್ನದೆ ಯಾವ ಚಪ್ಪಲಿಯೂ ಶೆಡ್ಡಿನ ಹೊರಗೆ ಹೋಗುತ್ತಿರಲಿಲ್ಲ.

ಆಚೆ ಊರಿನ ದೊರೆಯೊಬ್ಬರ ಕಾರ್ಯಕ್ಕೆಂದು ದೊಡ್ಡ ಕೆಲಸ ಬಂದಿತ್ತು. ಬೆಳಗಿನ ಗಿರಾಕಿಗಳು ಮುಗಿದು ನಾನು ಪಾತ್ರೆ ತೊಳೆಯುತ್ತಿದ್ದೆ. ಒಳಗೆ ಅವನು ಒಂದು ಚಪ್ಪಲಿ ಎತ್ತಿಕೊಂಡು ಸವರಿದ. ಹೆಬ್ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಸವರಿದ.

“ಇದು ಬರಿಮಾ ಹೊಲಿದದ್ದಾ?”

“ಅಲ್ಲಪ್ಪ, ನಾನೇ.”

“ಇನ್ನೊಂದು ಕೊಡು.”

ಕೊಟ್ಟಳು. ಅದನ್ನೂ ಸವರಿದ. ಮೂಲೆಯಲ್ಲಿ ಅವನ ಹೆಬ್ಬೆರಳಿಗೆ ಕಾದಿದ್ದ ಇನ್ನೊಂದು ಜೊತೆ ತರಿಸಿ ಅದನ್ನೂ ಸವರಿದ. ಎಲ್ಲದರಲ್ಲೂ ಎಡಗಡೆಯ ಹೊಲಿಗೆ ಅಂಚಿನ ಕಡೆಗೆ ಹೊರಳಿತ್ತು. ಬಹಳ ಇಲ್ಲ, ಕೂದಲೆಳೆಯಷ್ಟು. ನೋಡುವವರಿಗೆ ಕಾಣುವಂಥದ್ದಲ್ಲ. ಅವನ ಮುಖದ ಬಣ್ಣ ಇಳಿದುಹೋದದ್ದು ನನಗೆ ಬಾಗಿಲಿನಿಂದಲೇ ಕಂಡಿತು. ಕಣ್ಣು ಹೋಗುವ ಮೊದಲು ಅವನ ಹೊಲಿಗೆಯೂ ಅದೇ ಕಡೆಗೆ, ಅಷ್ಟೇ ಹೊರಳಿತ್ತು. ಆಗ ವಯಸ್ಸಾಯಿತು ಎಂದುಕೊಂಡಿದ್ದ. ಈ ಹುಡುಗಿಗೆ ಮೂವತ್ತು ದಾಟಿ ಎಷ್ಟಾಗಿತ್ತು?

“ಅಚಿಯಾ, ಇಲ್ಲಿ ಬಾ. ನನ್ ಮುಂದೆ ಕೂತ್ಕೋ. ನೆಟ್ಟಗೆ ನನ್ ಮೂಗು ನೋಡು. ಆ ಕಡೆ ಈ ಕಡೆ ತಿರುಗ್ಬೇಡ.”

“ಏನಪ್ಪ ಇದು, ಕೆಲ್ಸ ಇದೆ.”

“ನೋಡು ಅಂದೆ. ನಿನ್ನ ಎಡಗಡೆ ನಾನು ಏನು ಹಿಡ್ಕೊಂಡಿದ್ದೀನಿ?”

“ಏನೂ ಇಲ್ಲ. ಕೈ ಎಲ್ಲಿದೆ ನಿಂದು?”

ಅವನ ಕೈಯಲ್ಲಿ ಸುತ್ತಿಗೆ ಇತ್ತು. ಅವಳ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಅವನು ಸುತ್ತಿಗೆಯನ್ನು ಮೆಲ್ಲಗೆ ಮುಂದಕ್ಕೆ ತಂದ. ಅದು ಅವಳ ಮೂಗಿನ ನೇರಕ್ಕೆ ಬಂದಾಗಲೇ ಅವಳು, “ಓ, ಸುತ್ತಿಗೆ!” ಎಂದು ನಕ್ಕಳು.

“ಪೊಕುವಾ,” ಎಂದ ಅವನು. ದನಿ ಅವನದಾಗಿರಲಿಲ್ಲ. “ಒಲೆ ಆರಿಸು. ಆಸ್ಪತ್ರೆಗ್ ಹೋಗ್ಬೇಕು.”

ಅದೇ ಡಾಕ್ಟರು, ತಲೆ ಬೆಳ್ಳಗಾಗಿತ್ತು. ಅಚಿಯಾಳ ಕಣ್ಣನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಕೇಳಿದರು, “ಇವಳು ನಿಮ್ಮ ಮಗಳಾ? ಮಕ್ಕಳನ್ನ ಕರ್ಕೊಂಡ್ ಬನ್ನಿ ಅಂತ ನಿಮಗೆ ಆಗ್ಲೇ ಹೇಳಿದ್ನಲ್ಲ?”

ಅವನು ಡಾಕ್ಟರ ದನಿಯ ಕಡೆಗೆ ಬಾಗಿದ. “ಅವಳ ರಕ್ತ ನೋಡಿ ಡಾಕ್ಟ್ರೇ. ಎಲ್ಲಾದ್ರೂ ಹೆಪ್ಪುಗಟ್ಟಿದ್ಯಾ?”

“ಇಲ್ಲ. ಎಲ್ಲೂ ಹೆಪ್ಪಿಲ್ಲ. ನಾಳ ಚೆನ್ನಾಗಿದೆ, ರಕ್ತ ಸರಾಗ ಓಡ್ತಾ ಇದೆ.”

“ಹಾಗಾದ್ರೆ ಕಾಯಿಲೆ ಇಲ್ಲ ಅಂತ ಅಲ್ವಾ?”

“ಒತ್ತಡ ಇದೆ. ಎಷ್ಟೋ ವರ್ಷದಿಂದ ಇದೆ. ಎರಡೂ ಕಣ್ಣಿನ ನರ ಒಣಗಿಹೋಗಿದೆ. ಹೆಪ್ಪು ನಿಮಗೆ ಮಾತ್ರ ಆದದ್ದು. ಒತ್ತಡದ ಮೇಲೆ ಬಂದ ಇನ್ನೊಂದು ಪೆಟ್ಟು ಅದು. ಅದೇ ಮಕ್ಕಳಿಗೆ ಬರತ್ತೆ ಅಂತ ನಾನು ಹೇಳ್ಲಿಲ್ಲ. ಮಕ್ಕಳಿಗೆ ಬರೋದು ಈ ಒತ್ತಡ.”

“ಅವಳ ತಾಯಿ ಕಡೆ ಯಾರಿಗೂ ಕಣ್ಣಿನ ತೊಂದ್ರೆ ಇಲ್ಲ ಡಾಕ್ಟ್ರೇ. ಎಲ್ಲಿಂದ ಬಂತು?”

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಅವನ ಮುಖ ನೋಡಿ ಹೇಳಿದರು, “ನಿಮ್ಮಿಂದ.”

ಆ ಮನುಷ್ಯ ಕೇಳಿಕೊಂಡದ್ದು ಒಂದು ತೊಟ್ಟು. ಕೇಳಿದ್ದನ್ನು ದೇವರು ಹೀಗೆ ಕೊಡಬಾರದಿತ್ತು. ನನಗೆ ದೇವರ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಪಾದ್ರಿಗಳಿಗೂ ಹೇಳಿದ್ದೇನೆ.

ಆಪರೇಷನ್ ಮಾಡಿದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸುವುದಕ್ಕೆ ಅಷ್ಟೇ ಎಂದು ಮೊದಲೇ ಹೇಳಿದ್ದರು. ಇದ್ದದ್ದು ಬಾಗಿಲ ಸಂದಿಯಷ್ಟು. ಎರಡು ಮಳೆಗಾಲ ಅವಳು ಆ ಸಂದಿಯಲ್ಲೇ ನೋಡಿದಳು. ವ್ಯಾನಿನಲ್ಲಿ ಅವನು ಆಡಿದ್ದ ಮಾತನ್ನೆಲ್ಲ ನಾನು ಅವಳಿಗೆ ಹೇಳಿದ್ದು ಆಗಲೇ. ಆಮೇಲೆ ಅದೂ ಮುಚ್ಚಿತು. ಫೊಫಿಯೆ ಹನಿ ಬಿಟ್ಟುಕೊಳ್ಳುವಾಗಲೆಲ್ಲ ಅಣ್ಣನ ಮನೆಯ ಕಡೆ ತಿರುಗಿ ಅಳುತ್ತಿದ್ದಳು. ತನಗೆ ಉಳಿದದ್ದು ಆ ಹುಡುಗಿಗೂ ಉಳಿಯಬಹುದಿತ್ತಲ್ಲ ಎಂದು.

ಅದುಸೇ ಅಣ್ಣ ಜಗಳ ಆಡುವುದನ್ನು ಬಿಟ್ಟ. ನಾನು ಬೇಕೆಂದೇ ಗಂಜಿಗೆ ಸಕ್ಕರೆ ಹಾಕದೆ ಕೊಟ್ಟರೂ ಸುಮ್ಮನೆ ಕುಡಿಯುತ್ತಿದ್ದ. ಅವನ ಮೈ ಇಳಿದುಹೋಯಿತು. ಕೊನೆಗೆ ಒಂದು ದಿನ ತನ್ನ ಕುಲದವರನ್ನೆಲ್ಲ ಕರೆಸು ಎಂದ. ಶೆಡ್ಡನ್ನು ತಾನು ಬದುಕಿರುವಾಗಲೇ ಅಚಿಯಾಗೆ ದಾನ ಮಾಡಬೇಕು. ನಮ್ಮಲ್ಲಿ ಅದಕ್ಕೆ ದಾರಿಯಿದೆ. ಕುಲದವರ ಎದುರು ಕೊಡಬೇಕು. ಪಡೆದವರು ಒಂದು ಬಾಟಲಿ ಮದ್ಯ ಇಟ್ಟು ವಂದನೆ ಹೇಳಬೇಕು. ಹಿರಿಯರು ಅದನ್ನು ಕುಡಿದರೆ ಮಾತು ಗಟ್ಟಿ. ಬಾಟಲಿಯನ್ನು ನಾನೇ ತಂದು ಅಚಿಯಾಳ ಮಡಿಲಿಗೆ ಕೊಟ್ಟೆ.

ಭಾನುವಾರ ಮಧ್ಯಾಹ್ನ ವಠಾರದ ಅಂಗಳದಲ್ಲಿ ಕೂತರು. ಕುಲದ ಹಿರಿಯ ಗಂಟಲು ಸರಿ ಮಾಡಿಕೊಂಡ.

“ಅದುಸೇ, ನಿನ್ನ ದುಃಖ ಗೊತ್ತು. ಆದ್ರೆ ಸೋದರಳಿಯ ಕಲ್ಲುಗುಂಡಿನ ಹಾಗೆ ಇದಾನೆ. ಹುಡುಗಿ ಬೇರೆ ಕುಲದವಳು. ನಮ್ಮ ರಕ್ತ ಅಲ್ಲ. ಅದೂ ಅಲ್ದೆ, ಈ ಸ್ಥಿತೀಲಿ ಅವಳು ಶೆಡ್ಡು ಇಟ್ಕೊಂಡ್ ಏನ್ ಮಾಡ್ತಾಳೆ?”

ಬರಿಮಾ ತಲೆ ತಗ್ಗಿಸಿಕೊಂಡೇ, “ಮಾವ ಹೇಳ್ದಂಗಾಗ್ಲಿ. ನಾನು ಅವಳ ಹತ್ರಾನೇ ಕೆಲ್ಸ ಮಾಡ್ತೀನಿ,” ಎಂದ. ಒಳ್ಳೆಯ ಹುಡುಗ, ಬಾಯಿ ಮಾತ್ರ ದೊಡ್ಡದು.

“ನೀನು ಸುಮ್ನಿರೋ. ಇದು ಕುಲದ ಮಾತು,” ಎಂದ ಹಿರಿಯ.

ಅದುಸೇ ಅಣ್ಣ ಕೋಲೂರಿ ಎದ್ದು ನಿಂತ. ಯಾರ ಕಡೆ ತಿರುಗಬೇಕೆಂದು ತಿಳಿಯದೆ ಮಾವಿನ ಮರದ ಕಡೆ ತಿರುಗಿದ್ದ. ನಾನು ಭುಜ ಹಿಡಿದು ಹಿರಿಯನ ಕಡೆ ತಿರುಗಿಸಿದೆ.

“ರಕ್ತ ಅಲ್ಲ, ರಕ್ತ ಅಲ್ಲ ಅಂತ ನೀವೂ ಹೇಳಿದ್ರಿ, ನಾನೂ ಹೇಳ್ದೆ. ನನ್ ಬಾಯಲ್ಲೇ ಹೇಳಿ ಹೇಳಿ ಅವಳನ್ನ ಹಾಳ್ ಮಾಡ್ದೆ. ಎದ್ದು ಬಂದು ನೋಡಿ ಅವಳ ಕಣ್ಣನ್ನ. ನನ್ ಕಣ್ಣೂ ನೋಡಿ. ಎರಡೂ ಒಂದೇ ಥರ ಸತ್ತಿಲ್ವಾ? ಫೊಫಿಯೆ ಮಕ್ಕಳು ನನ್ ಕುಲ. ಅವರಿಗೆ ಒಳ್ಳೇದಾಗ್ಲಿ, ಅವರಲ್ಲಿ ಒಬ್ಬರಿಗೂ ನಂದು ಬಂದಿಲ್ಲ. ನಂದು ಬಂದಿರೋದು ಇವಳೊಬ್ಬಳಿಗೆ. ಇವಳು ನನ್ನೋಳು. ಇನ್ನೂ ಯಾರಾದ್ರೂ ಅಲ್ಲ ಅಂತೀರಾ?”

ಹಿರಿಯ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಅಚಿಯಾ ಮಾತಾಡಿದಳು. ಸಿಟ್ಟಿರಲಿಲ್ಲ, ಜೋರೂ ಇರಲಿಲ್ಲ. ಪಟ್ಟಿ ಎಷ್ಟಗಲ ಬೇಕು ಎಂದು ಕೇಳುವಾಗಿನ ದನಿ.

“ಅಪ್ಪ, ಈ ಮಾತನ್ನ ನೀನು ಆವತ್ತು ಆ ವ್ಯಾನಲ್ಲಿ ಹೇಳಿದ್ದಿದ್ರೆ, ಇವತ್ತು ಇದನ್ನ ಹೇಳುವಾಗ ನಿನ್ ಮುಖ ಹೇಗಿತ್ತು ಅಂತ ನಾನು ನೋಡ್ತಿದ್ದೆ.”

ಅದುಸೇ ಅಣ್ಣನ ಕೋಲು ಕೆಳಗೆ ಬಿತ್ತು. ಹೆಂಡತಿಯ ಹೆಣದ ಮುಂದೆಯೂ ನಿಂತೇ ಇದ್ದವನು, ಎಲ್ಲರ ಎದುರು ನೆಲಕ್ಕೆ ಕುಸಿದು ಕೂತು ಅಳತೊಡಗಿದ. ಅವಳು ಬಾಟಲಿಯನ್ನು ಪಕ್ಕಕ್ಕಿಟ್ಟು, ಆ ಅಳು ಬರುತ್ತಿದ್ದ ಕಡೆಗೆ ಮಂಡಿಯ ಮೇಲೆ ಸರಿದು ಬಂದಳು. ತನ್ನ ಬಟ್ಟೆಯ ಸೆರಗಿನಿಂದ ಅವನ ಕೆನ್ನೆ ಒರೆಸಲು ಕೈ ಚಾಚಿದಳು. ಕೈ ಮೊದಲು ಗಾಳಿಗೆ ಹೋಯಿತು, ಆಮೇಲೆ ಅವನ ಕಿವಿಗೆ ತಾಗಿತು, ಆಮೇಲೆ ಕೆನ್ನೆ ಸಿಕ್ಕಿತು.